ಕಂಟ್ರೋಲ್, ಶಿಫ್ಟ್, ಸುಂಕಪ್ಪ

ಆಂಧ್ರದ ಅಂಚಿನ ರಾಯದುರ್ಗದ ನಮ್ಮ ಬೀದಿಯಲ್ಲಿ ಸುಂಕಪ್ಪನಷ್ಟು ಸುಖವಾಗಿದ್ದ ಮನುಷ್ಯ ಇನ್ನೊಬ್ಬನಿರಲಿಲ್ಲ, ಅವನ ಷಡ್ಡಕ ಬಂದು ಇಳಿಯುವ ತನಕ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ದೇವರು ಮನುಷ್ಯನಿಗೆ ಅಣ್ಣತಮ್ಮಂದಿರನ್ನು ಜಗಳಕ್ಕೆಂದೂ ಷಡ್ಡಕನನ್ನು ಹೊಟ್ಟೆಕಿಚ್ಚಿಗೆಂದೂ ಕೊಟ್ಟಿದ್ದಾನೆ ಎಂಬುದು ನನ್ನ ಅಭಿಪ್ರಾಯ. ನನಗೂ ಇಬ್ಬರು ಷಡ್ಡಕರಿದ್ದಾರೆ. ಆ ವಿಷಯ ಈಗ ಬೇಡ.

ನನ್ನದು ಜೀನ್ಸ್ ಯೂನಿಟ್ಟುಗಳಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ. ಎದುರಿಗೇ ಸುಂಕಪ್ಪನ ‘ಶ್ರೀ ಚೌಡೇಶ್ವರಿ ಡಿ.ಟಿ.ಪಿ. ಸೆಂಟರ್’. ಊರಿನ ಪ್ರತಿ ಗಲ್ಲಿಯಲ್ಲೂ ಹೊಲಿಗೆ ಯಂತ್ರ ಗಿರಗುಟ್ಟುತ್ತಿದ್ದ ಕಾಲ ಅದು. ಹಳ್ಳಿಗಳಲ್ಲಿ ಅರ್ಧ ಜನ ಬೆಂಗಳೂರಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದರು, ಉಳಿದರ್ಧ ನಮ್ಮೂರಿಗೇ ಬಂದು ಪ್ಯಾಂಟು ಹೊಲಿಯುತ್ತಿದ್ದರು. ಆ ಪ್ಯಾಂಟುಗಳಿಗೆ ಲೇಬಲ್ಲು, ಹೊಲಿದವರ ಮದುವೆಗೆ ಕಾರ್ಡು, ಬೋರ್‌ವೆಲ್ ಲಾರಿಯವರಿಗೆ ಕರಪತ್ರ, ಎಲ್ಲವೂ ಸುಂಕಪ್ಪನ ಕಂಪ್ಯೂಟರಿನಿಂದಲೇ ಹೊರಡಬೇಕು. ಪೇಜ್‌ಮೇಕರ್ ಎಂಬ ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಅವನು ಕನ್ನಡವನ್ನೂ ಕೂರಿಸುತ್ತಿದ್ದ, ತೆಲುಗನ್ನೂ ಕೂರಿಸುತ್ತಿದ್ದ. ಅಂಗಡಿಯ ಬೋರ್ಡಿನಲ್ಲಿ ತನ್ನ ಹೆಸರಿನ ಕೆಳಗೆ ‘ಕಂಪ್ಯೂಟರ್ ತಜ್ಞರು’ ಎಂದು ಬಹುವಚನದಲ್ಲಿ ಬರೆಸಿಕೊಂಡಿದ್ದ.

ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಭಾಗ್ಯವಾಗಿತ್ತು. ಮೊದಲು ಮೌಸನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಆಮೇಲೆ ಪರದೆಯ ಮೇಲಿನ ಬಾಣ ಮೆಲ್ಲಗೆ ಹೊರಟು ಒಂದು ಪಟ್ಟಿ ತೆರೆಯುವುದು, ಅದರೊಳಗಿನಿಂದ ಇನ್ನೊಂದು ಪಟ್ಟಿ ಇಳಿಯುವುದು, ಸುಂಕಪ್ಪ ಅಲ್ಲಿ ನಿಂತು ಯೋಚಿಸುವುದು, ಗಿರಾಕಿಗಳು ಉಸಿರು ಬಿಗಿಹಿಡಿಯುವುದು. ಅಕ್ಷರ ದಪ್ಪವಾದ ಕೂಡಲೇ ಎಲ್ಲರೂ ಉಸಿರು ಬಿಡುತ್ತಿದ್ದರು. ಇಷ್ಟು ಹೊತ್ತು ಹಿಡಿಯುವ ಕೆಲಸ ಸುಲಭದ್ದಲ್ಲ ಎಂದು ನಾವೆಲ್ಲ ನಂಬಿದ್ದೆವು.

ಆಗ ಮಡಕಶಿರದ ಹರೀಶ ಬಂದ.

ಹರೀಶ ಬೆಂಗಳೂರಿನ ಒಂದು ಗಾರ್ಮೆಂಟ್ಸಿನಲ್ಲಿ ಲೇಬಲ್ ವಿಭಾಗದಲ್ಲಿದ್ದವನು. ನಮ್ಮೂರ ಜೀನ್ಸ್ ಯೂನಿಟ್ಟಿನ ಮಾಲೀಕನೊಬ್ಬ ಅವನನ್ನು ಲೇಬಲ್ ಮಾಡಿಕೊಡಲು ಕರೆಸಿಕೊಂಡ. ಹೆಂಡತಿ ಸಂಧ್ಯಾಳನ್ನು ಮಡಕಶಿರದಲ್ಲೇ ಬಿಟ್ಟು, ಅಲ್ಲಿ ಒಂದು ಮನೆಗೆ ಪಾಯ ಹಾಕಿಸಿ, ಹರೀಶ ಇಲ್ಲಿಗೆ ಬಂದು ಸುಂಕಪ್ಪನ ಮನೆಯಲ್ಲಿ ಉಳಿದುಕೊಂಡ. ಅಷ್ಟಾದರೆ ಸಹಿಸಬಹುದಿತ್ತು. ಯೂನಿಟ್ಟಿನಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಮಾಲೀಕ, ದಿನಾ ಮಧ್ಯಾಹ್ನ ಹರೀಶ ಸುಂಕಪ್ಪನ ಅಂಗಡಿಯಲ್ಲೇ ಕೂತು ಕೆಲಸ ಮಾಡಲಿ, ಬಾಡಿಗೆ ಕೊಡುತ್ತೇನೆ ಎಂದ. ಹೀಗೆ ಸುಂಕಪ್ಪನ ಊಟ ಉಂಡು, ಸುಂಕಪ್ಪನ ಕುರ್ಚಿಯಲ್ಲಿ ಕೂತು, ಸುಂಕಪ್ಪನ ಕಂಪ್ಯೂಟರಿಗೇ ಹರೀಶ ಕೈಯಿಟ್ಟ.

ಮೊದಲ ದಿನ ಅವನು ಮಾಡಿದ್ದು ಒಂದೇ ಕೆಲಸ. ಮೌಸನ್ನು ಎತ್ತಿ ಮಾನಿಟರಿನ ಹಿಂದಕ್ಕೆ ಇಟ್ಟ.

“ಅದ್ಯಾಕಪ್ಪ ಅಲ್ಲಿಟ್ಟಿ?” ಎಂದ ಸುಂಕಪ್ಪ.

“ಇದು ಬೇಕಾಗಲ್ಲ ಕಣಣ್ಣ. ಎಲ್ಲಾ ಕೀಲೇ ಆಗ್ತೈತೆ.”

ಆಮೇಲೆ ನಡೆದದ್ದನ್ನು ನಾನು ನನ್ನ ಅಂಗಡಿಯ ಕಟ್ಟೆಯಿಂದ ಕಣ್ಣಾರೆ ಕಂಡಿದ್ದೇನೆ. ಹರೀಶನ ಎಡಗೈ ಬೆರಳುಗಳು ಕೀಬೋರ್ಡಿನ ಮೂಲೆಯಲ್ಲಿ ಕೂತವು, ಬಲಗೈ ಬೆರಳು ಅಲ್ಲೊಂದು ಇಲ್ಲೊಂದು ಕುಟುಕಿತು. ಪರದೆಯ ಮೇಲೆ ಪುಟ ಹಿಗ್ಗಿತು, ಕುಗ್ಗಿತು, ಅಕ್ಷರಗಳು ನಡುವಿಗೆ ಬಂದವು, ಬಲಕ್ಕೆ ಸರಿದವು, ದಪ್ಪವಾದವು, ವಾಲಿದವು. ಬಾಣ ಇದ್ದಲ್ಲೇ ಇತ್ತು. ಯಾವ ಪಟ್ಟಿಯೂ ತೆರೆಯಲಿಲ್ಲ. ಗಿರಾಕಿಗಳಿಗೆ ಉಸಿರು ಬಿಗಿಹಿಡಿಯಲು ಸಮಯವೇ ಸಿಗಲಿಲ್ಲ.

ಯೂನಿಟ್ಟಿನ ಮಾಲೀಕ ಬಾಯಿ ತೆರೆದವನು ಮುಚ್ಚಲಿಲ್ಲ. ಟೀ ತಂದಿದ್ದ ಹಂಪಕ್ಕ ಅಲ್ಲೇ ನಿಂತುಬಿಟ್ಟಳು. ಹಂಪಕ್ಕ ಸುಂಕಪ್ಪನ ಹೆಂಡತಿ. ಒಳ್ಳೆಯ ಹೆಂಗಸು, ಆದರೆ ಮನಸ್ಸಿನಲ್ಲಿ ಬಂದದ್ದು ಬಾಯಿಗೆ ಬರಲು ಅವಳಲ್ಲಿ ತಡವಾಗುವುದಿಲ್ಲ.

“ನೋಡ್ರಿ, ಹರೀಶ ಹೆಂಗ ಮಾಡ್ತಾನ. ನೀವು ಇದಕ್ಕ ಮಧ್ಯಾಹ್ನತನ ಇಲಿ ಎಳೀತಿದ್ರಲ್ಲ,” ಎಂದಳು.

ಸುಂಕಪ್ಪನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಅವನೇ ನನಗೆ ಆಮೇಲೆ ಹೇಳಿದ್ದು. ಆಗ ಮಾತ್ರ ನಕ್ಕು, “ಅವೆಲ್ಲಾ ಶಾರ್ಟ್‌ಕಟ್ಟು. ನನಗ ಗೊತ್ತಿಲ್ಲೇನು? ಎಲ್ಲಾ ಗೊತ್ತೈತಿ. ಗಿರಾಕಿಗೆ ಮರ್ಯಾದಿ ಕೊಡಬೇಕಂತ ನಾನು ನಿಧಾನ ಮಾಡ್ತೀನಿ,” ಎಂದ.

ಈ ಒಂದು ಮಾತಿನಿಂದ ಅವನ ಬಾಳು ಕೆಟ್ಟಿತು. ಎಲ್ಲಾ ಗೊತ್ತೈತಿ ಎಂದವನು ಇನ್ನು ಹರೀಶನನ್ನು ಏನನ್ನಾದರೂ ಕೇಳುವುದು ಹೇಗೆ? ಕೇಳಿದ್ದರೆ ಹರೀಶ ಒಂದು ಸಂಜೆ ಕೂತು ಎಲ್ಲವನ್ನೂ ಕಲಿಸುತ್ತಿದ್ದ. ಕೇಳಬಾರದೆಂದು ಆದ ಮೇಲೆ ಕದಿಯುವುದೊಂದೇ ದಾರಿ. ಸುಂಕಪ್ಪ ಷಡ್ಡಕನ ಹಿಂದೆ ನಿಂತು ಟೀ ಕೊಡುವ ನೆಪದಲ್ಲಿ, ಬೀಸಣಿಗೆ ಬೀಸುವ ನೆಪದಲ್ಲಿ, ಸೊಳ್ಳೆ ಹೊಡೆಯುವ ನೆಪದಲ್ಲಿ ಬೆರಳು ನೋಡತೊಡಗಿದ. ಅವನ ಸೇವೆ ಕಂಡು ಬೀದಿಯವರೆಲ್ಲ ಷಡ್ಡಕರೆಂದರೆ ಹೀಗಿರಬೇಕು ಎಂದುಕೊಂಡರು.

ಬೆಳಿಗ್ಗೆ ಹರೀಶ ಇಲ್ಲದಾಗ ಪ್ರಯೋಗ. ಕನ್ನಡಕ್ಕೆ ಏನೋ ವಿಶೇಷ ಇರಲೇಬೇಕೆಂದು ಯೋಚಿಸಿ, ಕೆ ಅಂದರೆ ಕನ್ನಡವೇ ಎಂದು ತೀರ್ಮಾನಿಸಿ, ಕಂಟ್ರೋಲ್ ಶಿಫ್ಟ್ ಕೆ ಒತ್ತಿದ. ಅದು ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡುವ ಕೀ ಎಂದು ಪಾಪ ಅವನಿಗೇನು ಗೊತ್ತು. ನಮ್ಮ ಕನ್ನಡ ಅಕ್ಷರಗಳು ಆಗೆಲ್ಲ ಇಂಗ್ಲಿಷ್ ಕೀಗಳ ಬೆನ್ನಮೇಲೆ ಕೂತು ಬರುತ್ತಿದ್ದವು. ಬೆನ್ನು ಬದಲಾದರೆ ಸವಾರನೂ ಬದಲು. ‘ಸಿಹಿ ನೀರು ಖಾತ್ರಿ’ ಎಂದಿದ್ದ ಬೋರ್‌ವೆಲ್ ಕರಪತ್ರ ಯಾವ ದೇಶದ ಭಾಷೆಯೂ ಅಲ್ಲದ್ದಾಯಿತು. ಬೋರ್‌ವೆಲ್ಲಿನವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ತಮಿಳೇನ್ರಿ? ಲಾರಿ ಅಲ್ಲಿಂದ ಬಂದದ್ದು ಖರೆ, ಓದೋರು ಇಲ್ಲಿಯೋರಲ್ಲ,” ಎಂದು ಹೋದ.

ಕೊನೆಗೆ ಒಂದು ಕೀ ಮಾತ್ರ ಸುಂಕಪ್ಪನ ಕೈಗೆ ಸಿಕ್ಕಿತು. ಹರೀಶ ಜೀನ್ಸಿನ ಲೇಬಲ್ ಮಾಡುತ್ತಿದ್ದ. ಪರದೆಯ ಮೇಲೆ ಕಡುಗಪ್ಪು ಚೌಕ, ಅದರ ಮೇಲೆ ಕಂಪನಿಯ ಹೆಸರು ಕಪ್ಪಿನಲ್ಲೇ ಇದ್ದುದರಿಂದ ಕಾಣುತ್ತಿರಲಿಲ್ಲ. ಹರೀಶ ಕಂಟ್ರೋಲ್, ಶಿಫ್ಟ್, ವಿ ಒತ್ತಿದ. ಕಪ್ಪಿನ ಒಡಲಿಂದ ಹೆಸರು ಬೆಳ್ಳಗೆ ಎದ್ದು ಬಂತು. ಮಾಲೀಕ, “ಏ ಭಲೇ, ನಕ್ಷತ್ರ ಬಂದಂಗ ಬಂತಲ್ಲೋ,” ಎಂದು ಹರೀಶನ ಬೆನ್ನು ತಟ್ಟಿದ. ಹಿಂದೆ ಬೀಸಣಿಗೆ ಹಿಡಿದು ನಿಂತಿದ್ದ ಸುಂಕಪ್ಪನ ಬೆನ್ನನ್ನು ಯಾರೂ ತಟ್ಟಲಿಲ್ಲ. ಆದರೆ ಅವನು ‘ವಿ’ಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊರಬಂದ. ನನ್ನ ಅಂಗಡಿಗೆ ಬಂದು, ಏನನ್ನೂ ಕೊಳ್ಳದೆ, ಅಕ್ಷರ ಹೊಳೆಯುವ ವಿದ್ಯೆ ಕೈವಶವಾಯಿತೆಂದು ಹೇಳಿ ಹೋದ.

ಇದೇ ಹೊತ್ತಿಗೆ ಬೆಳುಗುಪ್ಪದಿಂದ ಅವನ ಮಾವ ನರಸಿಂಹಪ್ಪ ಬಂದರು. ಕೊನೆಯ ಮಗಳು ರಾಧಾಳ ಮದುವೆ ಗೊತ್ತಾಗಿತ್ತು, ಕಾರ್ಡು ಮಾಡಿಸಬೇಕಿತ್ತು. ನಮ್ಮ ಕಡೆಯ ಕಾರ್ಡು ಎಂದರೆ ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ. ಗಡಿಯ ಬಂಧುಗಳಲ್ಲಿ ಯಾರು ಯಾವ ಶಾಲೆಗೆ ಹೋಗಿದ್ದಾರೋ ಅವರು ಆ ಮಗ್ಗುಲು ಓದುತ್ತಾರೆ. ತನ್ನ ಮದುವೆಯೂ ಸೇರಿ ಹಿಂದಿನ ಎರಡು ಹೆಣ್ಣುಮಕ್ಕಳ ಮದುವೆಗೂ ಸುಂಕಪ್ಪನದೇ ಕಾರ್ಡು. ಹಿರಿಯ ಅಳಿಯನಾಗಿ ಅವನಿಗಿದ್ದ ಒಂದೇ ಒಂದು ಕಿರೀಟ ಅದು.

“ನೀನು ಮಾಡಪ್ಪ ಸುಂಕಪ್ಪ. ಒಂದು ಮಾತು, ಹರೀಶಗೂ ತೋರಿಸು. ಬೆಂಗಳೂರು ನೋಡಿ ಬಂದಾನ, ಹೊಸದು ಏನರ ಹೇಳ್ಯಾನು,” ಎಂದರು ನರಸಿಂಹಪ್ಪ.

“ಆಗಲ್ರಿ ಮಾವ,” ಎಂದ ಸುಂಕಪ್ಪ. ಒಳಗೆ ಏನೆಂದನೋ ಆ ಚೌಡೇಶ್ವರಿಗೇ ಗೊತ್ತು.

“ಇನ್ನೊಂದು. ಆಹ್ವಾನಿಸುವವರು ಅಂತ ಕೆಳಗ ಬರ್ತೈತಲ್ಲ, ಅಲ್ಲಿ ಇಬ್ಬರು ಅಳಿಯಂದಿರ ಹೆಸರೂ ಒಂದೇ ಸೈಜಿನಾಗ ಇರಲಿ. ಒಬ್ಬಂದು ದೊಡ್ಡದು ಒಬ್ಬಂದು ಸಣ್ಣದು ಬ್ಯಾಡ. ಹೆಣ್ಣುಮಕ್ಕಳು ನನ್ನ ಜೀವ ತಿಂತಾರ.”

ಒಂದೇ ಸೈಜು. ನಿನ್ನೆ ಮೊನ್ನೆ ಬಂದವನೂ ತಾನೂ ಒಂದೇ ಸೈಜು. ಸುಂಕಪ್ಪ ಆ ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ ಎಂದು ಹಂಪಕ್ಕ ನನ್ನ ಹೆಂಡತಿಗೆ ಹೇಳಿದಳಂತೆ. ಹರೀಶ ಮಾತ್ರ ಎರಡನೆಯ ಸಲ ಹಾಕಿಸಿಕೊಂಡನಂತೆ.

ತೆಲುಗಿನ ಮಗ್ಗುಲು ಮೊದಲೇ ಸಿದ್ಧವಾಗಿ ಪ್ರೆಸ್ಸಿಗೆ ಹೋಗಿತ್ತು. ಕನ್ನಡದ ಮಗ್ಗುಲಿಗೆ ಬಂದಾಗ ಸುಂಕಪ್ಪನಿಗೆ ದಾರಿ ಹೊಳೆಯಿತು. ಸೈಜು ತಾನೇ ಒಂದೇ ಇರಬೇಕು? ಇರಲಿ. ‘ಶ್ರೀಮತಿ ಹಂಪಕ್ಕ’ ಎಂಬುದನ್ನು ಹಾಗೇ ಬಿಟ್ಟು, ಅದರ ಪಕ್ಕದ ‘ಮತ್ತು ಶ್ರೀ ಸುಂಕಪ್ಪ, ಕಂಪ್ಯೂಟರ್ ತಜ್ಞರು’ ಎಂಬುದರ ಹಿಂದೆ ಒಂದು ಕಪ್ಪು ಪಟ್ಟಿ ಎಳೆದು, ಕಂಟ್ರೋಲ್ ಶಿಫ್ಟ್ ವಿ ಒತ್ತಿದ. ಹೆಸರು ಝಗ್ ಎಂದಿತು. ಕೆಳಗಿನ ಸಾಲಿನಲ್ಲಿ ‘ಶ್ರೀಮತಿ ಸಂಧ್ಯಾ ಮತ್ತು ಶ್ರೀ ಹರೀಶ್’ ಬಡವಾಗಿ ಕೂತಿತ್ತು. ಸುಂಕಪ್ಪ ಅದನ್ನು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ, ನನ್ನನ್ನೂ ಕರೆದು ತೋರಿಸಿದ. ನಾನು ಚೆನ್ನಾಗಿದೆ ಎಂದೆ. ಎದುರಂಗಡಿಯವನಾಗಿ ಇನ್ನೇನು ಹೇಳಲಿ?

ಕಾರ್ಡು ಅಚ್ಚು ಹಾಕುವವನು ಯರ್ರಪ್ಪ. ಬಸ್‌ಸ್ಟ್ಯಾಂಡ್ ಹಿಂದೆ ಅವನ ಪ್ರೆಸ್ಸು. ದೇವರು ದಿಂಡರಲ್ಲಿ ಬಹಳ ಭಕ್ತಿಯುಳ್ಳವನು. ಮದುವೆ ಕಾರ್ಡಿಗೆ ಕೆಂಪು, ಅರಿಶಿನ ಬಿಟ್ಟು ಬೇರೆ ಮಸಿ ಮುಟ್ಟದವನು, ಕರಿ ಮಸಿಯ ಡಬ್ಬಿಯನ್ನು ತಿಥಿ ಕಾರ್ಡಿಗೆಂದು ಬೇರೆ ಕಪಾಟಿನಲ್ಲಿಟ್ಟವನು. ಸುಂಕಪ್ಪ ಪರದೆಯ ಮೇಲಷ್ಟೇ ನೋಡಿ ಕಳಿಸಿದ ಹಾಳೆಯಲ್ಲಿ ಒಂದು ತೊಂದರೆಯಾಗಿತ್ತು. ಹಳೆಯ ಪ್ರಿಂಟರು ಕಪ್ಪನ್ನು ಧಾರಾಳವಾಗಿ ಸುರಿದು, ಆ ಸಣ್ಣ ಬಿಳಿ ಅಕ್ಷರಗಳನ್ನು ಪೂರ್ತಿ ನುಂಗಿಬಿಟ್ಟಿತ್ತು. ಯರ್ರಪ್ಪನ ಕಣ್ಣಿಗೆ ಕಂಡದ್ದು ಹಂಪಕ್ಕನ ಹೆಸರಿನ ಪಕ್ಕ ಒಂದು ಕರಿ ಪಟ್ಟಿ, ಅಷ್ಟೇ.

ಶುಭಕಾರ್ಯದ ಕಾರ್ಡಿನಲ್ಲಿ ಕರಿ ಪಟ್ಟಿ. ಯರ್ರಪ್ಪ ಕೈಮುಗಿದು, ಬ್ಲೇಡು ತೆಗೆದುಕೊಂಡು, ಅದನ್ನು ನೀಟಾಗಿ ಕೆರೆದುಹಾಕಿದ. ಗೆಳೆಯನ ಮನೆಗೆ ಬರಬಹುದಾಗಿದ್ದ ಒಂದು ಅಪಶಕುನವನ್ನು ತಪ್ಪಿಸಿದೆನೆಂಬ ಸಮಾಧಾನದಲ್ಲಿ ಅಚ್ಚು ಹಾಕಿದ. ದಿನ ಹತ್ತಿರ ಬಂದಿದ್ದರಿಂದ ಕಾರ್ಡಿನ ಕಟ್ಟುಗಳು ನೇರ ಬೆಳುಗುಪ್ಪದ ಬಸ್ಸು ಹತ್ತಿದವು. ನರಸಿಂಹಪ್ಪನವರು ತೆಲುಗು ಶಾಲೆಯಲ್ಲಿ ಓದಿದವರು. ಆ ಮಗ್ಗುಲಿನಲ್ಲಿ ಮುಹೂರ್ತ ಸರಿಯಿದೆಯೆಂದು ನೋಡಿ, ಮೂಲೆಗೆ ಅರಿಶಿನ ಹಚ್ಚಿ, ಊರೂರಿಗೆ ಹಂಚಿಬಿಟ್ಟರು.

ಕನ್ನಡದ ಮಗ್ಗುಲಿನಲ್ಲಿ ಈಗ ಹೀಗಿತ್ತು: ‘ಶ್ರೀಮತಿ ಹಂಪಕ್ಕ’. ಮುಂದೆ ಖಾಲಿ. ಕೆಳಗೆ ಗಂಡನ ಸಮೇತ ಸಂಧ್ಯಾ. ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಹೆಂಗಸಿನ ಹೆಸರು ಒಂಟಿಯಾಗಿ ನಿಂತಿದ್ದರೆ ಅದರ ಅರ್ಥ ಒಂದೇ.

ಮೊದಲು ಬಂದವಳು ಡಿ. ಹಿರೇಹಾಳಿನ ಮೈಲಾರಮ್ಮ, ಹಂಪಕ್ಕನ ದೊಡ್ಡಮ್ಮ. ಬೀದಿಯ ತುದಿಯಿಂದಲೇ ಅಳುತ್ತ ಬಂದು, ಕಟ್ಟೆಯ ಮೇಲೆ ಬದನೆಕಾಯಿ ಹೆಚ್ಚುತ್ತಿದ್ದ ಹಂಪಕ್ಕನನ್ನು ತಬ್ಬಿಕೊಂಡಳು. “ಎಂಥ ಕಾಲ ಬಂತೇ ನಮ್ಮವ್ವ. ಒಂದು ಮಾತು ತಿಳಿಸಲಿಲ್ಲಲ್ಲೇ.” ಹಿರೇಹಾಳಿನಲ್ಲಿ ಯಾರೋ ಹೋಗಿದ್ದಾರೆಂದು ತಿಳಿದ ಹಂಪಕ್ಕ ಇಳಿಗೆಮಣೆ ಸರಿಸಿ ಅವಳಿಗಿಂತ ಜೋರಾಗಿ ಅತ್ತಳು. ಯಾರು ಹೋದರೆಂದು ಇಬ್ಬರೂ ಕೇಳಲಿಲ್ಲ, ಅಳುವಿನ ನಡುವೆ ಅಂಥದ್ದನ್ನು ಕೇಳುವುದು ಮರ್ಯಾದೆಯಲ್ಲ. ಪಕ್ಕದ ಮನೆಯ ಬೊಮ್ಮಕ್ಕ ಬಂದು, ಏನೂ ಗೊತ್ತಿಲ್ಲದಿದ್ದರೂ ಸೆರಗು ಬಾಯಿಗಿಟ್ಟುಕೊಂಡಳು.

ಗದ್ದಲ ಕೇಳಿ ಸುಂಕಪ್ಪ ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಒಳಗಿಂದ ಬಂದ. “ಯಾರು ಹೋದ್ರು ದೊಡ್ಡಮ್ಮ?”

ಮೈಲಾರಮ್ಮ ತಲೆಯೆತ್ತಿದಳು. ಅವನ ಬಾಯಿಯ ಬಿಳಿ ನೊರೆ ನೋಡಿದಳು. ಮೆಲ್ಲಗೆ ಅವನ ಪಾದ ನೋಡಿದಳು, ಮುಂದಕ್ಕಿವೆಯೋ ಹಿಂದಕ್ಕಿವೆಯೋ ಎಂದು. “ನೀನು,” ಎಂದಳು.

“ನಾನು ಏನು?”

“ನೀನ ಹೋಗೀದಿ. ಕಾರ್ಡಿನಾಗ ಬಂದೈತಿ.”

ಕಾರ್ಡು ಹೊರಬಂತು. ಸುಂಕಪ್ಪ ಓದಿದ. ತಾನು ಹೊಳೆಯಬೇಕಿದ್ದ ಜಾಗದಲ್ಲಿ ಹೊಳೆಯುವ ಬಿಳಿ ಕಾಗದವಿತ್ತು. ಅವನು ಮಾತಾಡುವ ಮುಂಚೆ ಮೈಲಾರಮ್ಮನೇ ಮುಂದುವರಿಸಿದಳು. “ನಾನು ಕಾರ್ಡು ನೋಡಿದ್ದೇ ತಣ್ಣೀರು ಸುರಕಂಡು ಬಂದೀನಿ. ನೆಗಡಿ ಆದ್ರ ನಿನ್ನ ಮ್ಯಾಲೆ ಐತಿ ನೋಡು. ಬಸ್ಸಿನಾಗ ನಮ್ಮೋರೆಲ್ಲಾ ಮಾತಾಡಿಕೆಂತ ಬಂದ್ವಿ, ಹೆಂಗೋ ಹರೀಶ ಅದಾನ, ಆ ಹುಡುಗ ಎರಡೂ ಮನಿ ನಡೆಸ್ತಾನ ಅಂತ.”

ಸತ್ತ ಸುದ್ದಿಯನ್ನು ಸುಂಕಪ್ಪ ತಡೆದುಕೊಂಡಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ. “ಯಾಕ, ನಾನು ಹೋದ್ರ ನನ್ನ ಮನಿ ಅವ ಯಾಕ ನಡೆಸಬೇಕು?” ಎಂದು ಕೇಳಿದ. ನೊರೆ ಮೈಲಾರಮ್ಮನ ಸೀರೆಯ ಮೇಲೆ ಬಿತ್ತು.

ಆ ದಿನವೆಲ್ಲ ಜನ ಬರುತ್ತಲೇ ಇದ್ದರು. ಕನ್ನಡ ಓದುವ ಬಂಧುಗಳು ಅಳುತ್ತ ಬರುವರು, ತೆಲುಗು ಓದುವ ಬಂಧುಗಳು ಅವರಿಗೆ ಸಮಾಧಾನ ಹೇಳುವರು. ಒಬ್ಬ ಚಿಕ್ಕಪ್ಪನಂತೂ ಸುಂಕಪ್ಪನ ಎದುರೇ ಕೂತು ಒಪ್ಪಲಿಲ್ಲ. “ಅಲ್ಲಪ್ಪ, ಕಾರ್ಡು ಮಾಡಿದವ ನೀನು. ನೀನ ನಿನ್ನ ಹೆಸರು ಹಾಕಿಲ್ಲಂದ್ರ ಅದರಾಗ ಏನರ ಇರಬೇಕು,” ಎಂದು ವಾದ ಮಾಡಿದ.

ಸಂಜೆಗೆ ಮುನ್ಸಿಪಾಲ್ಟಿ ಬಿಲ್ ಕಲೆಕ್ಟರ್ ಬಂದ. ಚಪ್ಪಲಿ ಬಿಟ್ಟು, ಧ್ವನಿ ತಗ್ಗಿಸಿ, ಹಂಪಕ್ಕನ ಮುಂದೆ ನಿಂತ.

“ಆದದ್ದು ಆತು, ಧೈರ್ಯ ತಗೋರಿ ಅಮ್ಮಾ. ಈ ತಿಂಗಳ ಹೊಸ ವಿತಂತು ಪಿಂಛನ್, ಅಂದ್ರ ಗಂಡ ಹೋದೋರದು, ಬರ್ಕಳ್ಳಾಕತ್ತೀವಿ. ಇಂಥಾ ಹೊತ್ತಿನಾಗ ಕೇಳಬಾರ್ದು, ಆದ್ರ ಈ ತಿಂಗಳ ಹೋದ್ರ ಮತ್ತ ಒಂದು ವರ್ಷ ಕಾಯಬೇಕು.”

ಹಂಪಕ್ಕ ಕಣ್ಣೊರೆಸಿಕೊಂಡು, “ತಿಂಗಳಾ ಬರ್ತೈತೇನ್ರಿ?” ಎಂದಳು.

“ಏಯ್, ನಾನು ಇಲ್ಲೇ ಅದೀನಲ್ಲೇ,” ಎಂದ ಸುಂಕಪ್ಪ ಬಾಗಿಲ ಮರೆಯಿಂದ.

“ಕೇಳಿದ್ರ ಏನಾತ್ರಿ? ಗೊತ್ತಿದ್ರ ಒಳ್ಳೇದು.”

ಬಿಲ್ ಕಲೆಕ್ಟರ್ ಸುಂಕಪ್ಪನನ್ನು ನೋಡಿದ, ಕಾರ್ಡನ್ನು ನೋಡಿದ, ಕಾರ್ಡನ್ನು ತಿರುವಿದ. ಸರ್ಕಾರಿ ಮನುಷ್ಯ, ಎರಡೂ ಮಗ್ಗುಲು ನೋಡದೆ ತೀರ್ಮಾನಿಸುವವನಲ್ಲ. ಆಮೇಲೆ ಹೇಳಿದ: “ಕನ್ನಡದಾಗ ನೀವು ಇಲ್ಲ. ತೆಲುಗಿನಾಗ ಅದೀರಿ. ನಮ್ಮ ಆಫೀಸಿನಾಗ ರೆಕಾರ್ಡೆಲ್ಲಾ ತೆಲುಗೇ. ಹಂಗಾಗಿ ನೀವು ಬದುಕೀರಿ ಅಂತ ಬರ್ಕಂತೀನ್ರಿ. ನೀರಿನ ತೆರಿಗಿ ಬಾಕಿ ಐತಿ, ನಾಳೆ ಬಂದು ಕಟ್ರಿ.”

ಹೀಗೆ ಸರ್ಕಾರದ ಮಟ್ಟದಲ್ಲಿ ಜೀವ ಉಳಿಯಿತು. ಉಳಿದದ್ದು ಮಾನ. ಯರ್ರಪ್ಪನನ್ನು ಕರೆಸಿದರು. ಅವನು ಎಲ್ಲರೆದುರು ಕೈಕಟ್ಟಿ ನಿಂತು, “ಮದುವಿ ಕಾರ್ಡಿನಾಗ ಕರಿ ಪಟ್ಟಿ ಇತ್ರಿ, ಕೆಟ್ಟದಾದೀತು ಅಂತ ಕೆರೆದೆ. ಒಳಗ ಸುಂಕಪ್ಪ ಅದಾನಂತ ನನಗ ಹೆಂಗ ಗೊತ್ತಾಗಬೇಕು?” ಎಂದ.

“ಕರಿ ಪಟ್ಟಿ ಯಾಕ ಹಾಕಿದ್ರಿ?” ಎಂದು ಹಂಪಕ್ಕ ಕೇಳಿದಳು. “ನಿಮ್ಮ ಹೆಸರಿಗಷ್ಟೇ ಯಾಕ ಹಾಕಿದ್ರಿ?”

ಸುಂಕಪ್ಪ ತಲೆಯೆತ್ತಿ ಛಾವಣಿಯ ತೊಲೆ ಎಣಿಸತೊಡಗಿದ. ಹರೀಶ ಯರ್ರಪ್ಪ ತಂದಿದ್ದ ಹಾಳೆಯನ್ನು ಕೈಗೆತ್ತಿಕೊಂಡು, ಕೆರೆದ ಪಟ್ಟಿಯ ಗುರುತನ್ನು ಬೆಳಕಿಗೆ ಹಿಡಿದ. “ಓ, ರಿವರ್ಸ್ ಮಾಡವ್ನೆ ಅಣ್ಣ. ಕಂಟ್ರೋಲ್ ಶಿಫ್ಟ್ ವಿ. ಬಿಳೀ ಅಕ್ಷರ ಸಣ್ಣದಾದ್ರೆ ಮಸಿ ಒಳಗೆ ಮುಚ್ಕೊಂತೈತೆ. ಲೇಬಲ್ಲಿಗೆ ಸರಿ, ಇಂಥಾದಕ್ಕೆ ದಪ್ಪ ಅಕ್ಷರ ಇರ್ಬೇಕು. ಅಣ್ಣಂಗೆ ಇದೆಲ್ಲಾ ಗೊತ್ತು, ಗಡಿಬಿಡೀಲಿ ಮರ್ತವ್ನೆ.” ಆಮೇಲೆ ಸುಂಕಪ್ಪನ ಕಡೆ ತಿರುಗಿ, “ಸ್ಟಿಕ್ಕರ್ ಹೊಡ್ಸಿ ಎಲ್ಲಾ ಕಾರ್ಡಿಗೂ ನಾನೇ ಅಂಟಿಸ್ತೀನಿ ಬಿಡಣ್ಣ,” ಎಂದ.

ಬೈದಿದ್ದರೆ ಆಗುತ್ತಿತ್ತು. ನಕ್ಕಿದ್ದರೂ ಆಗುತ್ತಿತ್ತು. ಷಡ್ಡಕ ಎಲ್ಲರೆದುರು ಮಾನ ಉಳಿಸಿದ್ದನ್ನು ಸುಂಕಪ್ಪನಿಂದ ಸಹಿಸಲಾಗಲಿಲ್ಲ. “ಯಾರ ಸ್ಟಿಕ್ಕರೂ ಬ್ಯಾಡ. ನಾನ ಹೋಗಿ ನನ್ನ ಮುಖ ತೋರಿಸಿ ಬರ್ತೀನಿ,” ಎಂದು ಬ್ಯಾಗು ಹಿಡಿದು ಹೊರಟ. ಬೆಳುಗುಪ್ಪ, ಹಿರೇಹಾಳು, ಅಲ್ಲಿಂದಾಚೆ ಬಳ್ಳಾರಿ ಸೀಮೆಯ ನೆಂಟರ ಹಳ್ಳಿಗಳು, ಎಲ್ಲ ಸುತ್ತಿದ. ಪ್ರತಿ ಮನೆಯ ಬಾಗಿಲಲ್ಲಿ ನಿಂತು, “ನಾನು ಸುಂಕಪ್ಪ. ಅದೀನಿ,” ಎನ್ನುವುದು, ಅವರು ಕೊಟ್ಟ ಮಜ್ಜಿಗೆ ಕುಡಿಯುವುದು, ಮುಂದಿನ ಮನೆಗೆ ಹೋಗುವುದು.

ಈ ಪ್ರವಾಸದಲ್ಲಿ ಅವನಿಗೆ ತಿಳಿಯದೆಯೇ ಒಂದು ಕೆಲಸ ನಡೆದಿತ್ತು. ಸತ್ತನೆಂಬ ಸುಳ್ಳು ಸುದ್ದಿ ಹಬ್ಬಿದ ಮನುಷ್ಯನಿಗೆ ಆಯುಸ್ಸು ಗಟ್ಟಿ ಎಂದು ನಮ್ಮ ಜನ ನಂಬುತ್ತಾರೆ. ಅಂಥವನ ಕೈ ಮುಟ್ಟಿದರೆ ಮುಟ್ಟಿದವರಿಗೂ ಸ್ವಲ್ಪ ಬರುತ್ತದೆಂದು ಯಾರು ಸೇರಿಸಿದರೋ ತಿಳಿಯದು. ರಾಧಾಳ ಮದುವೆಯ ದಿನ ಕಲ್ಯಾಣ ಮಂಟಪಕ್ಕೆ ಸುಂಕಪ್ಪ ಕಾಲಿಡುತ್ತಲೇ ಜನ ಮುತ್ತಿಕೊಂಡರು. ಮುದುಕಿಯರು ಅವನ ಕೆನ್ನೆ ಸವರಿ ತಮ್ಮ ಹಣೆಗೆ ನೆಟಿಗೆ ಮುರಿದರು. ಕೈಗೂಸುಗಳನ್ನು ತಂದು ಅವನ ಮಡಿಲಿಗೆ ಹಾಕಿದರು. ಮೈಲಾರಮ್ಮ ನೆಗಡಿಯಲ್ಲೇ ಬಂದು, ತಾನು ಹೇಗೆ ಅತ್ತೆನೆಂದು ಇನ್ನೊಮ್ಮೆ ಅತ್ತು ತೋರಿಸಿದಳು. “ಎಂಥಾ ಮನುಷ್ಯ, ಯಾರಿಗೂ ಎದುರು ಮಾತಾಡಿದವನಲ್ಲ,” ಎಂದು ಅವನು ಸತ್ತಾಗ ಹೇಳಿದ ಮಾತುಗಳನ್ನೆಲ್ಲ ಒಬ್ಬೊಬ್ಬರೂ ಅವನ ಮುಂದೆ ಒಪ್ಪಿಸಿದರು. ನರಸಿಂಹಪ್ಪನವರು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಎಲ್ಲರೂ ನೋಡುವಂತೆ ಶಾಲು ಹೊದಿಸಿದರು. ಮದುಮಗ ಹಾರ ಹಾಕಿಕೊಂಡು ಒಬ್ಬನೇ ಕೂತಿದ್ದ. ವಿಡಿಯೋದವನೂ ಸುಂಕಪ್ಪನ ಕಡೆಗೇ ದೀಪ ತಿರುಗಿಸಿದ.

ಹರೀಶ ಊಟದ ಎಲೆ ಹಾಕಿಸುವ ಉಸ್ತುವಾರಿಯಲ್ಲಿದ್ದ. ಅವನ ಪ್ಯಾಂಟಿನ ಲೇಬಲ್ಲು ಅವನೇ ಮಾಡಿದ್ದೋ ಎಂದು ಯಾರೂ ಕೇಳಲಿಲ್ಲ. ಜನ ಕರಗಿದ ಮೇಲೆ ಬಂದು ಸುಂಕಪ್ಪನ ಪಕ್ಕ ಕೂತ. ನಾನು ಹಿಂದಿನ ಕುರ್ಚಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದೆ.

“ಅಣ್ಣ, ನಾನು ಹೋದ್ರೂ ಹಿಂಗೇ ಅಳ್ತಾರೇನಣ್ಣ?”

ಹರೀಶನ ಮುಖದಲ್ಲಿ ಸುಂಕಪ್ಪ ಏನೋ ಕಂಡ. ಇಷ್ಟು ತಿಂಗಳು ತನ್ನ ಕನ್ನಡಿಯಲ್ಲಿ ಕಂಡದ್ದೇ ಅದು, ಆದ್ದರಿಂದ ಗುರುತು ಹಿಡಿಯಲು ತಡವಾಗಲಿಲ್ಲ. ಅವನ ಹೊಟ್ಟೆಯ ಉರಿಯೆಲ್ಲ ಒಂದೇ ಸಲ ಆರಿತು. ಶಾಲನ್ನು ಸರಿಪಡಿಸಿಕೊಂಡು, “ನಿನಗ್ಯಾಕಪ್ಪ ಈ ಚಿಂತಿ? ನಿನಗ ಶಾರ್ಟ್‌ಕಟ್ ಬರ್ತಾವಲ್ಲ,” ಎಂದ.

ಇಲ್ಲಿಗೆ ಮುಗಿದಿದ್ದರೆ ಇಬ್ಬರೂ ಸುಖವಾಗಿರುತ್ತಿದ್ದರು. ಮಳೆಗಾಲ ಕಳೆದ ಮೇಲೆ ಹರೀಶನ ಮಡಕಶಿರದ ಮನೆ ಮುಗಿದು ಅವನು ಅಲ್ಲಿಗೆ ಹೊರಟುಹೋದ. ಗೃಹಪ್ರವೇಶದ ಕಾರ್ಡನ್ನು ಅವನು ಸುಂಕಪ್ಪನ ಅಂಗಡಿಯಲ್ಲಿ ಮಾಡಲಿಲ್ಲ, ಹಿಂದೂಪುರದಲ್ಲಿ ಮಾಡಿಸಿದ. ಕಾರ್ಡು ಅಂಚೆಯಲ್ಲಿ ಬಂದ ದಿನ ಸುಂಕಪ್ಪ ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಕಾರ್ಡು ಬಹಳ ಚೆನ್ನಾಗಿತ್ತು. ಕೆಳಗೆ, ಆಹ್ವಾನಿಸುವವರು ಎಂಬಲ್ಲಿ, ಎರಡೂ ಭಾಷೆಯಲ್ಲಿ ‘ಶ್ರೀಮತಿ ಸಂಧ್ಯಾ’ ಎಂದಷ್ಟೇ ಇತ್ತು. ಪಕ್ಕದಲ್ಲಿ ಒಬ್ಬ ಗಂಡಸಿನ ಹೆಸರು ಹಿಡಿಯುವಷ್ಟು ಬಿಳಿ ಜಾಗ.

ನಾನು ಕೈಯಲ್ಲಿದ್ದ ಜಿಪ್ಪಿನ ಡಬ್ಬಿ ಕೆಳಗಿಟ್ಟೆ. “ಅಯ್ಯೋ, ಹರೀಶ,” ಎಂದೆ.

“ಸುಮ್ನಿರ್ರಿ. ಬೆಳಿಗ್ಗೆ ಸಂಧ್ಯಾ ಫೋನ್ ಮಾಡಿದ್ಲು, ಅವ ಹಿಂದ ಹಾಡು ಹಾಡಿಕೆಂತ ಸ್ನಾನ ಮಾಡಾಕತ್ತಿದ್ದ,” ಎಂದ ಸುಂಕಪ್ಪ. ಕಾರ್ಡನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿದ, ಮಡಿಚಿ ಜೇಬಿಗಿಟ್ಟ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ಬಾಕಿಯಿದ್ದ ಕೆಲಸವನ್ನು ಕೈಗೆತ್ತಿಕೊಳ್ಳುವವನ ಶಾಂತಿಯಿತ್ತು. ನೇರ ಹೋಗಿ ಫೋನಿಗೆ ಕರೆನ್ಸಿ ಹಾಕಿಸಿಕೊಂಡು ಬಂದು ತನ್ನ ಕುರ್ಚಿಯಲ್ಲಿ ಕೂತ.

ಆ ಮಧ್ಯಾಹ್ನವೆಲ್ಲ ಎದುರಂಗಡಿಯಿಂದ ನನಗೆ ಒಂದೇ ಮಾತು ಕೇಳುತ್ತಿತ್ತು. “ದೊಡ್ಡಮ್ಮ, ಹರೀಶನ ಕಾರ್ಡು ಬಂತೇನು? ಅದರಾಗ ಅವನ ಹೆಸರಿಲ್ಲ, ಗಾಬರಿ ಆಗಬ್ಯಾಡ. ಗಟ್ಟಿಮುಟ್ಟ ಅದಾನ. ಅಚ್ಚಿನ ತಪ್ಪು, ಅಷ್ಟ. ಅಳಬ್ಯಾಡ, ತಣ್ಣೀರು ಸುರಕಬ್ಯಾಡ. ಬಾಜೂ ಮನಿಯೋರಿಗೂ ಹೇಳು.” ಆಮೇಲೆ ಬೆಳುಗುಪ್ಪಕ್ಕೆ. ಆಮೇಲೆ ಬಳ್ಳಾರಿ ಸೀಮೆಗೆ. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಷಡ್ಡಕನ ಮೇಲೆ ಅವನಿಗಿರುವ ಪ್ರೀತಿಯನ್ನು ಬಂಧುಗಳೆಲ್ಲ ಹೊಗಳಿದರು.

ಗೃಹಪ್ರವೇಶಕ್ಕೆ ನಾನೂ ಮಡಕಶಿರಕ್ಕೆ ಹೋಗಿದ್ದೆ. ಹರೀಶ ರೇಷ್ಮೆ ಪಂಚೆಯುಟ್ಟು ಬೆಳಿಗ್ಗೆಯಿಂದ ಹೊಸ್ತಿಲಲ್ಲೇ ನಿಂತಿದ್ದ, ಪ್ರತಿ ಬಸ್ಸಿನ ಸದ್ದಿಗೂ ಕತ್ತು ಚಾಚುತ್ತಿದ್ದ. ನೆಂಟರು ಗುಂಪುಗುಂಪಾಗಿ ನಗುತ್ತ ಬಂದು, ಅವನನ್ನು ದಾಟಿ ಒಳಗೆ ಹೋಗಿ, ಅಡಿಗೆ ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ಕೊನೆಯ ಬಸ್ಸಿನಿಂದ ಮೈಲಾರಮ್ಮ ಇಳಿದಳು. ಹರೀಶ ಎರಡೂ ಕೈ ಮುಂದೆ ಚಾಚಿದ. ಅವಳು ಅವನ ಕೈಗೆ ತನ್ನ ಚೀಲ ಕೊಟ್ಟಳು.

“ದೊಡ್ಡಮ್ಮ, ಕಾರ್ಡು ನೋಡಿದ್ಯಾ?”

“ನೋಡಿದೆ ಬಿಡಪ್ಪ. ನಿನಗೇನೂ ಆಗಿಲ್ಲ ಅಂತ ನಿಮ್ಮ ಸುಂಕಪ್ಪ ಅವತ್ತ ಎಲ್ಲಾರಿಗೂ ಫೋನ್ ಮಾಡಿ ಹೇಳಿಬಿಟ್ಟಾನ. ಏನು ಮನಸು ಅವಂದು, ನಿನಗ ಅಂಥಾ ಅಣ್ಣ ಸಿಗಾಕ ಪುಣ್ಯ ಮಾಡಿದ್ದಿ.”

ಹರೀಶ ಚೀಲ ಹಿಡಿದುಕೊಂಡು ಒಳಗೆ ತಿರುಗಿ ನೋಡಿದ. ಮೊದಲ ಪಂಕ್ತಿಯಲ್ಲಿ ಸುಂಕಪ್ಪ ಹೋಳಿಗೆಗೆ ಇನ್ನೊಂದು ಸಲ ತುಪ್ಪ ಹಾಕಿಸಿಕೊಳ್ಳುತ್ತಿದ್ದ.